ಮೇಲಿನ ಕೋಣೆಗೂ ಒಂದು ಪೆಟ್ಟಿಗೆ

ಒಲೆಯ ಸಹವಾಸ ಸಾಕು ಎಂದು ಎಫ್ಫಿಗೆ ಅನಿಸಿದ್ದು ಅಕ್ಟೋಬರಿನ ಒಂದು ಬೆಳಗ್ಗೆ. ಶೆಡ್ಡಿನಿಂದ ಕಟ್ಟಿಗೆ ಹೊತ್ತು ತರುವಾಗ ಅಂಗಳದ ನಡುವೆ ತೋಳಿನಲ್ಲಿದ್ದುದೆಲ್ಲ ಜಾರಿ ಬಿತ್ತು. ಬಲಭುಜ ಹಿಂದಿನ ಚಳಿಗಾಲದಲ್ಲೇ ಹಿಡಿದುಕೊಂಡಿತ್ತು. ಹೆಕ್ಕಲೆಂದು ಬಗ್ಗಿದವಳು ಹೆಕ್ಕಲಿಲ್ಲ, ಅಲ್ಲೇ ಒಂದು ಕೊರಡಿನ ಮೇಲೆ ಕೂತುಬಿಟ್ಟಳು. ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಿವಿ ಕೊರೆಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಎದ್ದು ಒಳಗೆ ಹೋಗಿ, ಶೆಟಿಕ್ಯಾಂಪ್ ಊರಿನ ಆನ್ಸೆಲ್ಮ್‌ಗೆ ಫೋನ್ ಮಾಡಿದಳು. ಕೇಪ್ ಬ್ರೆಟನ್ ದ್ವೀಪದ ಆ ದಂಡೆಯುದ್ದಕ್ಕೂ ಮನೆಮನೆಗೆ ಹೀಟ್ ಪಂಪ್ ಹಾಕಿಕೊಡುವವನು ಅವನೇ. ಹೊರಗಿನ ಗಾಳಿ ಎಷ್ಟು ತಣ್ಣಗಿದ್ದರೂ ಅದರಲ್ಲಿ ಉಳಿದಿರುವ ಚೂರುಪಾರು ಬಿಸಿಯನ್ನು ಹೀರಿ ಒಳಗೆ ಊದುವ ಯಂತ್ರ. ಕಟ್ಟಿಗೆ ಬೇಡ, ಬೂದಿ ಬಾಚಬೇಕಿಲ್ಲ. ಎಫ್ಫಿಗೆ ಬೇಕಾದದ್ದು ಅಷ್ಟೇ.

ಮನೆಯಲ್ಲಿ ಅವಳೊಬ್ಬಳೇ ಇರಲಿಲ್ಲ. ತೀರಿಹೋದ ಗಂಡ ಡೂಗಲ್ಡನ ತಂಗಿ ರೋಡಾ ಮಹಡಿಯ ಮೇಲೆ ಇದ್ದಳು. ಮನೆ ಇಬ್ಬರಿಗೂ ಸೇರಿದ್ದು, ಆದರೆ ಇಬ್ಬರಿಗೂ ಮಾತಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಡೂಗಲ್ಡ್ ಸತ್ತ ಚಳಿಗಾಲದಲ್ಲಿ ಎಫ್ಫಿ ಅವನ ಏಡಿ ಹಿಡಿಯುವ ದೋಣಿಯನ್ನು ಮಾರಿದ್ದಳು. ರೋಡಾ ಅಣ್ಣನ ಜೊತೆ ಅದೇ ದೋಣಿಯಲ್ಲಿ ನೀರಿನಿಂದ ಏಡಿಯ ಬಲೆಪೆಟ್ಟಿಗೆ ಎಳೆದು ಬದುಕಿದವಳು. ವಸಂತದಲ್ಲಿ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ದಕ್ಕೆಗೆ ಹೋದರೆ ದೋಣಿ ಕಟ್ಟುವ ಜಾಗ ಖಾಲಿ. ಅವತ್ತು ನಿಂತ ಮಾತು ನಿಂತೇ ಹೋಗಿತ್ತು. ಆದರೂ ಶೆಡ್ಡಿನಲ್ಲಿ ಕಟ್ಟಿಗೆ ಒಡೆದು ಒಟ್ಟುವವಳು ರೋಡಾ, ಅದನ್ನು ಹೊತ್ತು ತಂದು ಒಲೆಗೆ ಹಾಕುವವಳು ಎಫ್ಫಿ. ಬಿಸಿ ಅಡುಗೆಮನೆಯ ಒಳಮಾಡಿನಲ್ಲಿದ್ದ ಕಬ್ಬಿಣದ ಜಾಲರಿಯಿಂದ ಮೇಲಿನ ಕೋಣೆಗೆ ಹೋಗುತ್ತಿತ್ತು. ಹೀಗೆ ಬಾಯಿ ತೆರೆಯದೆಯೇ ಇಬ್ಬರೂ ಚಳಿಗಾಲ ಕಳೆಯುತ್ತಿದ್ದರು.

ಆನ್ಸೆಲ್ಮ್ ಮನೆ ನೋಡಲು ಬಂದ. ದಪ್ಪ ಮೀಸೆಯ, ಸುಮ್ಮನಿರಲು ಬಾರದ ಮನುಷ್ಯ. ಗೋಡೆ ತಟ್ಟಿ, ಅಳತೆಪಟ್ಟಿ ಎಳೆದು, ಕೊನೆಗೆ ತಲೆಯೆತ್ತಿ ಜಾಲರಿ ನೋಡಿದ.

"ಮೇಲೆ ಯಾರಿದ್ದಾರಮ್ಮಾ?"

"ನಮ್ಮನೆಯವರ ತಂಗಿ."

"ಬಿಸಿಗಾಳಿ ಊದೋ ಪೆಟ್ಟಿಗೆ ಅವರಿಗೂ ಒಂದು ಬೇಡ್ವಾ?"

"ಈ ಜಾಲರಿ ಇದೆಯಲ್ಲ."

"ಅಯ್ಯೋ, ಒಲೆ ಬಿಸಿನೇ ಬೇರೆ, ಇದೇ ಬೇರೆ. ಇದು ಹದವಾಗಿ ಈ ಕೋಣೆ ಒಂದನ್ನ ಬೆಚ್ಚಗಿಡುತ್ತೆ ಅಷ್ಟೆ. ಫೆಬ್ರವರಿ ಬರಲಿ, ಮೇಲಿನವರು ಕೋಟು ಹಾಕ್ಕೊಂಡೇ ಮಲಗಬೇಕಾಗುತ್ತೆ."

ಎಫ್ಫಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ಹೊಳೆದಿತ್ತು, ಆದರೆ ಅದರ ಹಿಂದೆ ಹೋಗುವಷ್ಟು ತ್ರಾಣ ಇರಲಿಲ್ಲ. ಅಷ್ಟರಲ್ಲಿ ಮೇಲಿನ ಜಾಲರಿಯಿಂದ ದನಿ ಬಂತು.

"ಕೇಳಿಸ್ತು ನಂಗೆ."

ಆಮೇಲೆ ಮೆಟ್ಟಿಲು ಕಿರುಗುಟ್ಟಿತು. ರೋಡಾ ಉಣ್ಣೆಯ ಅಂಗಿಯ ತೋಳು ಮಡಚುತ್ತ ಬಾಗಿಲಲ್ಲಿ ಬಂದು ನಿಂತಳು.

"ಮತ್ತೆ ಅದೇ ಕೆಲ್ಸ ಮಾಡ್ದೆ ನೋಡು. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ನೀನು ಮಾತಾಡಿದ್ರೆ ತಾನೇ ಹೇಳೋದು?"

"ದೋಣಿ ಮಾರೋವಾಗ ನಾನು ಮಾತಾಡ್ತಿದ್ನಲ್ಲ! ಆಗ ಹೇಳಿದ್ಯಾ?"

ಆನ್ಸೆಲ್ಮ್ ಅಳತೆಪಟ್ಟಿಯನ್ನು ಎಳೆಯುತ್ತ, ಬಿಡುತ್ತ, ಕಿಟಕಿಯ ಹೊರಗೆ ಏನೋ ಇದೆ ಎನ್ನುವಂತೆ ನೋಡತೊಡಗಿದ. ಎಫ್ಫಿ ಕುರ್ಚಿ ಎಳೆದು ಕೂತಳು. ಜಗಳ ಮಾಡಲಿಕ್ಕೂ ನಿಲ್ಲುವ ಶಕ್ತಿ ಬೇಕಲ್ಲ.

"ನನ್ನ ಕೋಣೆ ಕಿಟಕಿಯಿಂದ ದಿನಾ ಕಾಣ್ತಿತ್ತು ಅದು," ಎಂದಳು. "ಅವರಿಲ್ದೆ ಅದೊಂದೇ ನಿಂತಿರೋದನ್ನ ನೋಡೋಕಾಗ್ಲಿಲ್ಲ. ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

"ಬೇಡ ಅಂತಿದ್ದೆ, ಹೌದು. ಅನ್ನೋಕೂ ಬಿಡ್ಲಿಲ್ಲ ನೀನು."

"ಬಿಡ್ಲಿಲ್ಲ. ತಪ್ಪೇ. ಈಗ ಏನ್ಮಾಡ್ಲಿ ಹೇಳು. ಭುಜ ಏಳಲ್ಲ. ಇನ್ನೊಂದು ಚಳಿಗಾಲ ಕಟ್ಟಿಗೆ ಹೊರೋಕೆ ನನ್ನಿಂದ ಆಗಲ್ಲ ರೋಡಾ. ಸಾಕಾಗಿದೆ."

ರೋಡಾ ಮೇಜಿನ ಹತ್ತಿರಕ್ಕೆ ಬಂದಳು. ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದಳು. ಕೊಡಲಿ ಹಿಡಿದು ಹಿಡಿದು ಬೆರಳ ಸಂದುಗಳು ಒಡೆದಿದ್ದವು, ಒಂದು ಹೆಬ್ಬೆರಳು ಮಡಚುತ್ತಲೇ ಇರಲಿಲ್ಲ.

"ನಂಗೂ ಸಾಕಾಗಿತ್ತು ಮಾರಾಯ್ತಿ. ಹೋದ ವರ್ಷಾನೇ ಬಿಟ್ಬಿಡೋಣ ಅಂದ್ಕೊಂಡೆ. ನೀನು ಹೊರೋಕೆ ಬರ್ತೀಯಲ್ಲ ಅಂತ ಒಡೀತಾ ಹೋದೆ."

"ಹೇಳಬಾರ್ದಿತ್ತಾ?"

"ಯಾರ ಹತ್ರ ಹೇಳ್ಲಿ?"

ಎಫ್ಫಿಗೆ ನಗು ಬರಬೇಕಿತ್ತು, ಬರಲಿಲ್ಲ. ಕಣ್ಣಂಚು ಮಾತ್ರ ಬಿಸಿಯಾಯಿತು. ಆನ್ಸೆಲ್ಮ್ ಗಂಟಲು ಸರಿಮಾಡಿಕೊಂಡ.

"ಹಾಗಾದ್ರೆ ಮೇಲಕ್ಕೂ ಒಂದು ಬರ್ಕೊಳ್ಳಲಾ? ಹೊರಗಿನ ಯಂತ್ರ ಒಂದೇ ಸಾಕು, ಸ್ವಲ್ಪ ದೊಡ್ಡದು ಹಾಕ್ತೀನಿ."

"ಹಾಕು," ಎಂದಳು ರೋಡಾ. "ಅದು ನನ್ನ ಕಿಟಕಿ ಕೆಳಗೆ ಗೊರಗೊರ ಅಂತ ಕೂತ್ಕೊಂಡ್ರೆ ಮಾತ್ರ ನಿನ್ನ ಮೀಸೆ ಉಳಿಯಲ್ಲ."

ಮುಂದಿನ ವಾರ ಅವನು ಸಾಮಾನು ತುಂಬಿಕೊಂಡು ಬಂದ. ಜೊತೆಗಾರನಿಗೆ ಜ್ವರವಂತೆ, ಒಬ್ಬನೇ ಬಂದಿದ್ದ. ಹಿಮ ಬಿದ್ದರೂ ಮುಚ್ಚಿಹೋಗದಂತೆ ಗೋಡೆಗೆ ಎತ್ತರದಲ್ಲಿ ಕಬ್ಬಿಣದ ತೋಳು ಬಿಗಿದ. ಆದರೆ ಯಂತ್ರವನ್ನು ಅದರ ಮೇಲೆ ಕೂರಿಸಲು ಒಬ್ಬನಿಂದ ಆಗುವಂತಿರಲಿಲ್ಲ. ರೋಡಾ ಬಂದು ಒಂದು ಬದಿ ಹಿಡಿದಳು.

"ಬೇಡಮ್ಮ, ಸೊಂಟ ಉಳುಕುತ್ತೆ."

"ನಿನ್ನಪ್ಪನಿಗಿಂತ ಭಾರದ್ದು ಎಳೆದಿದ್ದೀನಿ ನೀರಿಂದ. ಎತ್ತು."

ಡ್ರಿಲ್ಲು ಹಳೆಯ ಮರದ ಗೋಡೆಯನ್ನು ಕೊರೆದಾಗ ಒಳಗಿನಿಂದ ಹೊಟ್ಟು, ಧೂಳು, ಚಳಿ ತಡೆಯಲೆಂದು ಯಾವ ಕಾಲದಲ್ಲೋ ತುಂಬಿದ್ದ ಒಣ ಕಡಲಪಾಚಿ ಉದುರಿತು. ತಾಮ್ರದ ಕೊಳವೆ ಹಾಯಿಸಿ, ಅದರೊಳಗಿನ ಗಾಳಿ ಎಳೆದು ಖಾಲಿ ಮಾಡುವ ಪಂಪು ಹಚ್ಚಿದ ಮೇಲೆ ಕಾಯುವುದೊಂದೇ ಕೆಲಸ. ಎಫ್ಫಿ ಚಹಾ ಮಾಡಿದಳು, ಓಟ್ಸ್ ಬಿಸ್ಕತ್ತು ಇಟ್ಟಳು. ಅದೆಷ್ಟೋ ವರ್ಷಗಳ ಮೇಲೆ ಆ ಮೇಜಿಗೆ ಮೂರು ಬಟ್ಟಲು ಬಂದಿದ್ದವು. ಹೆಚ್ಚು ಮಾತೇನೂ ಆಗಲಿಲ್ಲ. ಒಲೆ ಕಿತ್ತುಹಾಕುವುದು ಬೇಡ, ಬಿರುಗಾಳಿಗೆ ಕರೆಂಟು ಹೋದರೆ ಬೇಕಾಗುತ್ತದೆ ಎಂದು ರೋಡಾ ಹೇಳಿದಳು. ಎಫ್ಫಿ ಹೂಂಗುಟ್ಟಿದಳು.

ಸಂಜೆಗೆ ಯಂತ್ರ ಚಾಲೂ ಆಯಿತು. ಬಾಗಿಲ ಮೇಲಿನ ಬಿಳಿ ಪೆಟ್ಟಿಗೆ ತುಟಿ ತೆರೆದು ಬೆಚ್ಚನೆಯ ಗಾಳಿ ಬಿಟ್ಟಿತು. ಒಲೆಯ ಮುಂದೆ ನಿಂತಂತೆ ಮೈ ಸುಡಲಿಲ್ಲ, ಕಿಡಿ ಸಿಡಿಯಲಿಲ್ಲ. ಎಫ್ಫಿ ಎರಡು ಸಲ ಎದ್ದು ಬೆಂಕಿ ನೋಡಲು ಹೋಗಿ, ಬೆಂಕಿ ಇಲ್ಲವೆಂದು ನೆನಪಾಗಿ ವಾಪಸು ಬಂದಳು. ಆಮೇಲೆ ಕೂತಲ್ಲೇ ನಿದ್ದೆ ಹೋದಳು. ಎಚ್ಚರವಾದಾಗ ಬೆಳಕು ಹರಿದಿತ್ತು, ಕಾಲಿನ ಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಇಷ್ಟು ನಿದ್ದೆ ಮಾಡಿದ ಮೇಲೂ ಮೈಯ ದಣಿವು ಹೋಗಿರಲಿಲ್ಲ. ವರ್ಷಗಳ ದಣಿವು ಅದು, ಅದಕ್ಕೆ ತನ್ನದೇ ಸಮಯ ಬೇಕಿತ್ತು.

ಆ ಚಳಿಗಾಲದಲ್ಲಿ ಅವರು ಎಷ್ಟು ಬೇಕೋ ಅಷ್ಟೇ ಮಾತಾಡಿದರು. ಹಿಟ್ಟು ಮುಗೀತು, ಮೇಲೆ ಸೆಖೆ ಆಗ್ತಿದೆ, ಈ ಗುಂಡಿ ಒತ್ತಿದ್ರೆ ಏನಾಗುತ್ತೆ, ಇಂಥದೇ. ದೋಣಿಯ ಮಾತು ಬರಲಿಲ್ಲ. ಮೇ ತಿಂಗಳಲ್ಲಿ ಏಡಿಯ ಋತು ಶುರುವಾದ ದಿನ ರೋಡಾ ನಸುಕಿಗೇ ದಕ್ಕೆಗೆ ಹೋದಳು, ದೋಣಿಗಳೆಲ್ಲ ಹೊರಟುಹೋಗುವವರೆಗೂ ನಿಂತಿದ್ದು ಬಂದಳು. ಎಫ್ಫಿ ಅವಳ ಪಾಲಿನ ಗಂಜಿಯನ್ನು ಮುಚ್ಚಿಟ್ಟಿದ್ದಳು, ತೆಗೆದು ಮುಂದಿಟ್ಟಳು. ರೋಡಾ ಕೂತು ಉಂಡಳು.