ಕೆಂಪಾಗದ ಕುಡುಗೋಲು

ನಾನು ಒಂದು ಕುಡುಗೋಲು. ತಿಕೋಟಾದ ಕಮ್ಮಾರನ ಕುಲುಮೆಯಲ್ಲಿ, ಹಳೆಯ ಲಾರಿಯ ಪಾಟಾ ಎಂಬ ಉಕ್ಕಿನ ಸ್ಪ್ರಿಂಗ್ ಪಟ್ಟಿಯ ತುಂಡಿನಿಂದ ಹುಟ್ಟಿದೆ. ಹುಲ್ಲು ಕೊಯ್ಯುವುದೇ ನನ್ನ ಹಣೆಬರಹ ಅಂದುಕೊಂಡಿದ್ದೆ. ಮಲಕಾಜಪ್ಪ ಸಾಹುಕಾರರ ದ್ರಾಕ್ಷಿ ತೋಟಕ್ಕೆ ಬಂದ ಮೇಲೆ ನನಗೆ ನ್ಯಾಯ ಹೇಳುವ ಕೆಲಸ ಸಿಕ್ಕಿತು.

ದ್ರಾಕ್ಷಿಗೆ ಡೌನಿ ಎಂಬ ಬೂಜುರೋಗದ ಕಾಟ. ಎರಡು ದಿನ ಮೋಡ ಕವಿದರೆ ಸಾಕು, ಎಲೆಯ ಬೆನ್ನಿಗೆ ಬಿಳಿ ಬೂಜು ಹತ್ತಿ ಎಳೆ ಗೊನೆ ಕೊಳೆತುಹೋಗುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಸುಣ್ಣ ಸಾಲದಿದ್ದರೆ ಔಷಧವೇ ಎಲೆಯನ್ನು ಸುಡುತ್ತದೆ. ಆಳು ದುಂಡಪ್ಪ ನನ್ನನ್ನು ಬೂದಿಯಿಂದ ತಿಕ್ಕಿ ಬ್ಯಾರಲ್‌ಗೆ ಅದ್ದುತ್ತಿದ್ದ. ನಾನು ತಾಮ್ರದಂತೆ ಕೆಂಪಾದರೆ ಇನ್ನಷ್ಟು ಸುಣ್ಣ ಸುರಿಯಬೇಕು. ಬಣ್ಣ ಬದಲಾಗದಿದ್ದರೆ ಹೊಡೆಯಬಹುದು. ಹನ್ನೆರಡು ವರ್ಷ ನಮ್ಮ ಮಾತು ತಪ್ಪಲಿಲ್ಲ. ಸುತ್ತಲಿನ ತೋಟದವರೂ ಅವನನ್ನೇ ಕರೆಯುತ್ತಿದ್ದರು. ಇಬ್ಬರಿಗೂ ಒಂದಿಷ್ಟು ಜಂಬ ಬಂದಿತ್ತೆನ್ನಿ.

ಆ ವರ್ಷ ಬಳ್ಳಿ ಸವರಿ ಚಿಗುರೊಡೆಯುವ ಹೊತ್ತಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಸಾಹುಕಾರರ ಹೆಂಡತಿ ಗುರುಬಾಯಿ ನನ್ನ ಮೈತುಂಬ ಎಣ್ಣೆ ಸವರಿ ಕುಂಕುಮ ಇಟ್ಟಳು. ಮರುದಿನವೇ ಮೋಡ ಕವಿಯಿತು. ಪೂಜೆಗೊಂಡ ಆಯುಧಕ್ಕೆ ಬೂದಿ ಹಚ್ಚಬಾರದೆಂದು ದುಂಡಪ್ಪ ಭಕ್ತಿಯಿಂದ ಹಾಗೆಯೇ ಅದ್ದಿದ. ಆ ಸಲದ ಸುಣ್ಣ ಹಳೆಯದು, ಸತ್ವ ಹೋಗಿತ್ತು. ಆದರೆ ಎಣ್ಣೆ ದ್ರಾವಣವನ್ನು ನನ್ನ ಮೈಗೆ ತಾಗಗೊಡಲಿಲ್ಲ. ನಾನು ಕೆಂಪಾಗಲಿಲ್ಲ.

ಮೂರನೆಯ ದಿನ ಚಿಗುರೆಲ್ಲ ಕರಕಲಾಗಿತ್ತು. ದಸರೆಗೆಂದು ದುಂಡಪ್ಪ ತನ್ನ ಗುಡಿಸಲ ಗೋಡೆಗೆ ಸುಣ್ಣ ಬಳಿದಿದ್ದ. ಅದೇ ಅವನಿಗೆ ಮುಳುವಾಯಿತು. ತೋಟದ ಸುಣ್ಣ ಕದ್ದ ಎಂದು ಸಾಹುಕಾರರು ನಾಲ್ಕು ಜನರ ಮುಂದೆ ಅಂದರು.

"ಕುಡಗೋಲ ಕೆಂಪ ಆಗಿರಲಿಲ್ರಿ, ಸಾವಕಾರ್ರ," ಎಂದಷ್ಟೇ ಹೇಳಿ ದುಂಡಪ್ಪ ನಡೆದುಬಿಟ್ಟ. ಆಮೇಲೆ ಔಷಧ ಕಲಸಲು ಯಾರೂ ಅವನನ್ನು ಕರೆಯಲಿಲ್ಲ. ನನಗೆ ಬಾಯಿಲ್ಲವಲ್ಲ ಎಂದು ಅಂದಿನಷ್ಟು ಎಂದೂ ನೊಂದಿಲ್ಲ.

ಕುಡುಗೋಲು ಕೆಂಪಾಗಿರಲಿಲ್ಲ ಎಂಬ ದುಂಡಪ್ಪನ ಮಾತು ಗುರುಬಾಯಿಯನ್ನು ಕೊರೆಯುತ್ತಲೇ ಇತ್ತು. ವಾರದ ಮೇಲೆ ಅವಳು ನನ್ನನ್ನು ಬೂದಿಯಿಂದ ತಿಕ್ಕಿ, ಬ್ಯಾರಲ್‌ನಲ್ಲಿ ಉಳಿದಿದ್ದ ದ್ರಾವಣಕ್ಕೆ ಅದ್ದಿದಳು. ನಾನು ಕೆಂಪಾದೆ. ಅಂದು ನನ್ನ ಬಾಯಿ ಕಟ್ಟಿದ್ದು ತಾನು ಸವರಿದ ಎಣ್ಣೆ ಎಂದು ಅವಳಿಗೆ ಹೊಳೆಯಿತು.

ಆಗಿದ್ದು ಆಗಿಹೋಯಿತು, ಆಳಿನ ಮುಂದೆ ತಲೆ ತಗ್ಗಿಸುವುದು ಆಗದು ಎಂದರು ಸಾಹುಕಾರರು. ಗುರುಬಾಯಿ ಕೇಳಲಿಲ್ಲ. ದುಂಡಪ್ಪನಿಗೆ ಹೇಳಿಕಳಿಸಿ, ತೋಟದವರೆಲ್ಲ ಕೂರುವ ಕಟ್ಟೆಗೆ ನನ್ನನ್ನು ಹಿಡಿದು ನಡೆದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇದಕ್ಕ ಎಣ್ಣಿ ಹಚ್ಚಿದಾಕಿ ನಾನು. ತಪ್ಪು ನಂದು. ಸುಣ್ಣಾನೂ ನಮ್ಮ ಮನ್ಯಾಗಿನ ಹಳೇದು, ಸತ್ವ ಇಲ್ಲದ್ದು. ದುಂಡಪ್ಪ ಕಳ್ಳ ಅಲ್ಲ."

ದುಂಡಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ನನ್ನನ್ನು ಅವನ ಕೈಗೇ ಕೊಟ್ಟುಬಿಟ್ಟಳು.

ಈಗ ದುಂಡಪ್ಪ ಇಲ್ಲ. ಅವನ ಗುಡಿಸಲ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಸುಟ್ಟ ಬಳ್ಳಿಗಳು ಮರುವರ್ಷವೇ ಚಿಗುರಿದವು, ಅವನಿಗೂ ಮತ್ತೆ ಕರೆ ಬಂತು. ಆದರೆ ಕೊನೆಯವರೆಗೂ ಅವನು ಒಂದೊಂದು ಬ್ಯಾರಲ್‌ಗೆ ನನ್ನನ್ನು ನಾಲ್ಕು ಸಲ ಅದ್ದುತ್ತಿದ್ದ. ಪ್ರತಿ ಸಲವೂ ತೋಟದವರನ್ನು ಕೂಗಿ ಕರೆದು, ನನ್ನನ್ನು ಎತ್ತಿ ತೋರಿಸುತ್ತಿದ್ದ. ಹಾಗೆ ತೋರಿಸು ಎಂದು ಯಾರೂ ಕೇಳಿರಲಿಲ್ಲ.