ಪುಸ್ತಕದಲ್ಲಿಲ್ಲದ ಮಾತು

ಅಂಗೈಗೆ ಹಸಿರು ಹತ್ತಿದೆ, ಕಿಟಕಿಯ ಸರಳಿಗೆ ಬಣ್ಣ ಹೊಡೆದು ಒಣಗುವ ಮೊದಲೇ ಬಸ್ಸು ಬಿಟ್ಟಿದ್ದಾರೆ ಪುಣ್ಯಾತ್ಮರು, ಸೆರಗಿಗೆ ತಾಗದಿದ್ದರೆ ಸಾಕು, ಇದೊಂದೇ ಒಳ್ಳೆಯ ಸೀರೆ — ಐಮಂಗಲದಲ್ಲಿ ನಿಂತ ಬಸ್ಸು ಹೊರಡುವ ಲಕ್ಷಣವಿಲ್ಲ, ಎರಡು ಗಂಟೆಗೆ ಧರ್ಮಪುರದಲ್ಲಿರಬೇಕು, ಊರಿನ ಗಂಡಸರು ಮೂರು ತಿಂಗಳು ಕಲಿತದ್ದಕ್ಕೆ ನನ್ನಂಥ ಬಾಡಿಗೆ ನಾಯಕಿ ಒಂದೇ ಮಧ್ಯಾಹ್ನದ ತಾಲೀಮಿನಲ್ಲಿ ಹೊಂದಿಕೊಳ್ಳಬೇಕು, ಅದೇ ನಾಟಕ, ವಯಸ್ಸಾದ ಚಿತ್ರಕಾರನನ್ನು ಪ್ರೀತಿಸುವ ಹುಡುಗಿಯ ಪಾರ್ಟು, ನಿದ್ದೆಯಲ್ಲೂ ಹೇಳಿಯೇನು, ಆದರೆ ಅಲ್ಲಿ ನಾಯಕನ ಪಾರ್ಟು ಮಾಡುವ ಓಬಳೇಶಪ್ಪನವರ ಕಾಗದದ ಕೊನೆಯಲ್ಲಿ ಒಂದು ಸಾಲು, ಏಕಾಂತಮ್ಮನವರೇ, ಪರದೆ ಬರೆಯಾಕೆ ಹೊಳಲ್ಕೆರೆ ಹಾಲಸ್ವಾಮಿ ಬಂದವ್ರೆ, ಸೀನರಿ ಭಾಳ ಚೆನ್ನಾಗಿ ಆಗೈತೆ. ಅದನ್ನು ಓದಿದಾಗಿನಿಂದ ನನಗೆ ಅನ್ನ ಸೇರಿಲ್ಲ.

ಎಪ್ಪತ್ತೈದನೇ ಇಸವಿಯ ಬೇಸಿಗೆ, ಹೊಸದುರ್ಗ, ಇದೇ ನಾಟಕ, ಶಾಲೆಯ ಅಂಗಳದಲ್ಲಿ ಅರಮನೆಯ ಪರದೆ ಹಾಸಿತ್ತು, ಹಾಲಸ್ವಾಮಿ ಅದರ ಮೇಲೆ ಬರಿಗಾಲಲ್ಲಿ ಕೂತು ಕಂಬಗಳಿಗೆ ನೆರಳು ಕೊಡುತ್ತಿದ್ದರು, ಐವತ್ತು ದಾಟಿತ್ತು, ಕಿವಿಯ ಮೇಲೆ ನರೆ, ನಕ್ಕರೆ ಮಾತ್ರ ಇಪ್ಪತ್ತರ ಹುಡುಗ, ಎಂಥ ಮೋಡಿಗಾರ, ಬಿಸಿಲಾಗೆ ಯಾಕೆ ನಿಂತೀರಿ, ಬರ್ರಿ, ಅರಮನೆ ನಿಮ್ದೇ, ಒಳಗೆ ಕುಂತ್ಕಳ್ರಿ ಎಂದು ಪರದೆಯ ಮೇಲಿನ ಮೆಟ್ಟಿಲು ತೋರಿಸಿದರು, ನಾನು ನಕ್ಕೆ, ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ನಾಯಕನ ಪಾರ್ಟಿನ ಮುರುಗೇಶಪ್ಪನವರು ಜವಳಿ ಅಂಗಡಿ ಬಿಟ್ಟು ಬಂದಿರಲಿಲ್ಲ, ಹಾರ್ಮೋನಿಯಂ ಮೇಷ್ಟ್ರು, ಲೇ ಹಾಲಸ್ವಾಮಿ, ಸದ್ಯಕ್ಕೆ ನೀನೇ ನಿಂತ್ಕಳಪ್ಪ ಅಂದರು, ಇವರು ಕುಂಚ ಹಿಡಿದೇ ನನ್ನೆದುರು ನಿಂತರು, ಕೈಯಲ್ಲಿ ಪುಸ್ತಕವಿಲ್ಲ, ನನ್ನನ್ನೇ ನೋಡುತ್ತ, ಹೊಳಲ್ಕೆರೆಯಾಗೆ ಎಲ್ಡು ಕೋಣೆ ಮನೆ ಐತೆ, ಸೀಮೆಎಣ್ಣೆ ಸ್ಟೋವು ಐತೆ, ಅಡಿಗೆ ನಾನೇ ಮಾಡ್ತೀನಿ, ಊರೂರು ತಿರುಗಿದ್ದು ಸಾಕು, ಬರ್ತೀಯಾ — ಪಾಪ, ಮಾತು ಮರೆತು ಏನೇನೋ ಸೇರಿಸುತ್ತಿದ್ದಾರೆ ಅಂದುಕೊಂಡೆ, ಮರೆತವರನ್ನು ದಡ ಹತ್ತಿಸುವುದೇ ನಮ್ಮ ಕಸುಬು, ತಕ್ಷಣ ಪುಸ್ತಕದ ಮುಂದಿನ ಮಾತು ಎತ್ತಿಕೊಟ್ಟೆ, ನರೆತ ತಲೆಗೆ ಬಾಸಿಂಗವೇ ಕಲಾವಿದರೇ, ನಿಮ್ಮ ಮಗಳ ವಯಸ್ಸು ನನಗೆ, ಅಲ್ಲಿಂದಲೇ ಹಾಡು ಶುರು, ಮೇಷ್ಟ್ರು ಪೆಟ್ಟಿಗೆ ಒತ್ತಿದರು, ಇವರ ಮುಖ ಸಣ್ಣದಾಯಿತು, ಒಣಗಿದ ಕುಂಚವನ್ನು ಪಂಚೆಯ ತುದಿಗೆ ಒರೆಸುತ್ತ ನಿಂತುಬಿಟ್ಟರು, ಅಯ್ಯೋ ದೇವರೇ, ಆಮೇಲೆ ನಾನು ಚಪ್ಪಾಳೆ ತಟ್ಟಿದೆನಲ್ಲ, ಏನ್ ಚೆಂದ ಮಾಡಿದ್ರಿ, ನಿಜವಾಗ್ಲೂ ನೊಂದಂಗೇ ಇತ್ತು ಅಂದೆನಲ್ಲ. ಹೌದೇನ್ರಿ ಅಂದರು, ಅಷ್ಟೇ.

ಸಂಜೆ ಮುರುಗೇಶಪ್ಪನವರು ಬಂದು ಅದೇ ದೃಶ್ಯ ಮಾಡಿದಾಗ, ಪುಸ್ತಕದಲ್ಲಿಲ್ಲವೆಂದು ಗೊತ್ತಿದ್ದೂ ಕಿವಿ ಸ್ಟೋವಿಗಾಗಿ ಕಾಯಿತು, ಸ್ಟೋವು ಬರಲಿಲ್ಲ, ಹೊಳಲ್ಕೆರೆ ಬರಲಿಲ್ಲ, ಮಹಲು, ಉದ್ಯಾನ, ಬೆಳದಿಂಗಳು, ಇಷ್ಟೇ, ಆಗ ಹೊಳೆಯಿತು, ಅವರು ಮಾತು ಮರೆತಿರಲಿಲ್ಲ, ನನ್ನನ್ನೇ ಕೇಳಿದ್ದರು, ಅಂಗಳಕ್ಕೆ ಓಡಿದೆ, ಅವರು ಐದು ಗಂಟೆಯ ಬಸ್ಸಿಗೆ ಹೋಗಿಯಾಗಿತ್ತು. ಹೊಳಲ್ಕೆರೆಗೆ ಹೋಗಿ ಬಾಗಿಲು ತಟ್ಟಬಹುದಿತ್ತು, ಮಗಳ ವಯಸ್ಸು ಅಂದ ಬಾಯಿಗೆ ಧೈರ್ಯ ಎಲ್ಲಿಂದ ಬರಬೇಕು, ಹುಟ್ಟಿದ ಈ ಮೂವತ್ತೆರಡು ವರ್ಷದಲ್ಲಿ ಒಬ್ಬರು ನನ್ನನ್ನು ಬಾ ಅಂದದ್ದು ಅದೊಂದೇ ಸಲ, ನಾನು ಹೋಗುತ್ತಿದ್ದೆ, ಉಟ್ಟ ಸೀರೆಯಲ್ಲೇ ಹೋಗುತ್ತಿದ್ದೆ — ರೈಟ್ ಅಂದ ಕಂಡಕ್ಟರ್, ಬಸ್ಸು ಹೊರಟಿತು, ಹಿರಿಯೂರು ದಾಟಿದರೆ ಮುಂದೆ ಧರ್ಮಪುರವೇ, ಅವರು ಅಲ್ಲೇ ಎಲ್ಲೋ ಪರದೆಯ ಮೇಲೆ ಕೂತಿರುತ್ತಾರೆ, ಓಬಳೇಶಪ್ಪನವರು ಎದುರು ನಿಂತು ಬರುವೆಯಾ ಅನ್ನುತ್ತಾರೆ, ಹಾಲಸ್ವಾಮಿಯ ಕಿವಿಗೆ ಬೀಳುವಂತೆ ಆ ನರೆತ ತಲೆಯ ಮಾತು ಮತ್ತೆ ಹೇಳಲೇ, ಇಲ್ಲ, ಹೇಳಲಾರೆ, ಬಣ್ಣ ಹಚ್ಚಿದ ಹದಿನಾಲ್ಕು ವರ್ಷದಲ್ಲಿ ಒಂದು ಮಾತೂ ಮರೆಯದವಳು ಇವತ್ತು ಬೇಕೆಂದೇ ಮರೆಯುತ್ತೇನೆ, ಅವರ ಕಡೆ ತಿರುಗಿ — ತಿರುಗಿ ಏನು ಹೇಳಲಿ, ಅದಕ್ಕೆ ಯಾರೂ ಮಾತು ಬರೆದುಕೊಟ್ಟಿಲ್ಲ, ಬಾಯಿ ತೆರೆದರೆ ಕಣ್ಣ ಮುಂದೆ ಅವರು ಪಂಚೆಗೆ ಕುಂಚ ಒರೆಸುತ್ತಾರೆ, ಒರೆಸುತ್ತಲೇ ಇದ್ದಾರೆ, ಕುಂಚದಲ್ಲಿ ಬಣ್ಣವೇ ಇಲ್ಲ