ಕುತ್ತಿಗೆಯ ಹಿಂದಿನ ನರುಳ್ಳೆ

ನನ್ನ ಕುತ್ತಿಗೆಯ ಹಿಂದೆ ಮೂರು ನರುಳ್ಳೆಗಳಿದ್ದವು. ಅಕ್ಕಿಕಾಳಿನಷ್ಟು ಚರ್ಮ, ತೊಟ್ಟಿಗೆ ನೇತುಬಿದ್ದಂತೆ. ವರ್ಷಗಳಿಂದ ಇದ್ದ ಹಾಗೇ ಇದ್ದವು. ಸರ ಸಿಕ್ಕಿಕೊಂಡಾಗ ನಡುವಿನದು ಒಂದು ಹನಿ ರಕ್ತ ಬಿಡುತ್ತಿತ್ತು, ಅಷ್ಟೆ. ಸೋಮವಾರ ತಲೆ ಬಾಚಿಕೊಳ್ಳುವಾಗ ಅದು ಬೆರಳಿಗೆ ಗಟ್ಟಿಯಾಗಿ ತಾಗಿತು. ಫೋನನ್ನು ಹೆಗಲ ಹಿಂದೆ ಹಿಡಿದು ಚಿತ್ರ ತೆಗೆದೆ. ಚಿತ್ರ ಮಸುಕಾಗಿತ್ತು, ಆದರೂ ಬಣ್ಣ ತಿಳಿಯುತ್ತಿತ್ತು. ನಡುವಿನದು ಕಪ್ಪಾಗಿತ್ತು.

ಅಕ್ಕನದೂ ಕಪ್ಪೇ. ಅಂಗಾಲಿನ ಮಚ್ಚೆ. ಚಪ್ಪಲಿ ಕಚ್ಚಿರಬೇಕು ಎಂದುಕೊಂಡು ಬಹಳ ದಿನ ಅದರ ಮೇಲೇ ನಡೆದಾಡಿದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕ್ಯಾನ್ಸರ್ ಹರಡಿ ತಡವಾಗಿತ್ತು. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ.

ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ಫೋನನ್ನು ಚಾರ್ಜಿಗೆ ಹಾಕಿ, ಅಕ್ಕನ ಹಾಗೆ ಕಾಯುವುದು ಬೇಡವೆಂದು ಕ್ಲಿನಿಕ್ಕಿನಲ್ಲಿ ಶನಿವಾರಕ್ಕೆ ಸಮಯ ಕೇಳಿ, ಕೆಲಸಕ್ಕೆ ಹೋದೆ.

ನನ್ನ ಕೆಲಸ ಮುದ್ರಣಾಲಯದಲ್ಲಿ. ಔಷಧಿ ಡಬ್ಬಿಯೊಳಗೆ ಮಡಿಚಿಟ್ಟ ಹಾಳೆ ಇರುತ್ತದಲ್ಲ, ಯಾರೂ ಓದದೆ ಎಸೆಯುವುದು, ಅದರ ಕರಡು ತಿದ್ದುತ್ತೇನೆ. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ‘ಅಪರೂಪಕ್ಕೆ’ ಎಲ್ಲಿ ಬರಬೇಕು, ‘ಅತಿ ಅಪರೂಪಕ್ಕೆ’ ಎಲ್ಲಿ ಬರಬೇಕು ಎಂದು ನನಗೆ ಗೊತ್ತು. ಆ ವಾರ ಎರಡೂ ಒಂದೇ ಥರ ಕಂಡವು.

ದಿನವಿಡೀ ಬಗ್ಗಿ ಓದಿ ಕುತ್ತಿಗೆ ಹಿಡಿದುಕೊಂಡಿರುತ್ತದೆ. ಸಂಜೆ ನಾನು ನೆಲದ ಮೇಲೆ, ಅತ್ತೆ ಮಂಚದ ಅಂಚಿನಲ್ಲಿ. ನೋವಿನ ಮುಲಾಮು ಹಚ್ಚಿ ತಿಕ್ಕುತ್ತಾರೆ. ಆ ವಾರ ಬೇಡ ಎಂದೆ.

“ಯಾಕೆ, ಕುತ್ತಿಗೆ ರಜಾ ಹಾಕಿದ್ಯಾ?” ಎಂದರು.

ಗಂಡನಿಗೆ ಕ್ಲಿನಿಕ್ಕಿನ ವಿಷಯ ಮಾತ್ರ ಹೇಳಿದೆ, ಬಣ್ಣದ ವಿಷಯ ಹೇಳಲಿಲ್ಲ.

“ಮೂರೂ ತೆಗೆಸ್ತೀಯಾ? ಒಂದಾದ್ರೂ ಬಿಡೆ, ಎಲ್ಲಾದ್ರೂ ಕಳೆದುಹೋದ್ರೆ ಗುರುತಿಗಿರ್ಲಿ.”

“ನಿಮ್ಮ ತಲೆ ಇದ್ಯಲ್ಲ ರೀ, ಅದನ್ನೇ ಗುರುತು ಹೇಳ್ತೀನಿ.”

ಅವರ ತಲೆಯಲ್ಲಿ ಒಂದೂ ಕೂದಲಿಲ್ಲ. ನುಣ್ಣಗಿನ ತಲೆ ಸವರಿಕೊಂಡು ನಕ್ಕರು. ನಾನೂ ನಕ್ಕಿರಬೇಕು.

ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಚರ್ಮದ ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಯಾವ ಔಷಧಿಯಾದರೂ ಒಗ್ಗುವುದಿಲ್ಲವೇ ಎಂದು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಇಲ್ಲ ಎಂದೆ.

“ಸೂಜಿ ಹೊಸದು ತಾನೇ?” ಎಂದು ನಾನು ಕೇಳಿದೆ.

ನರ್ಸ್ ನನ್ನ ಕಣ್ಣೆದುರೇ ಪೊಟ್ಟಣ ಹರಿದು ತೋರಿಸಿದಳು. “ಇವರು ಪರೀಕ್ಷೆ ಹಾಲಿಗೆ ಬಂದ ಮೇಷ್ಟ್ರ ಥರ ನೋಡ್ತಾರೆ, ಮೇಡಂ.”

ಬೋರಲು ಮಲಗಿದೆ. ಡಾಕ್ಟರು ದೀಪ ಎಳೆದುಕೊಂಡು ಮಸೂರ ಹಿಡಿದರು.

“ನಡುವಿನದು ಯಾವಾಗಿಂದ ಹೀಗಿದೆ?”

“ಸೋಮವಾರ ನೋಡಿದೆ. ನಮ್ಮಕ್ಕ ಕಪ್ಪು ಮಚ್ಚೆಯಿಂದಲೇ ಹೋದಳು.” ನನ್ನ ದನಿ ಬಸ್ಸಿನ ನಂಬರು ಹೇಳುವಂತಿತ್ತು.

“ಇದನ್ನ ಕಟ್ಟಿದ್ದು ಯಾರು?”

“ಏನನ್ನ?”

ಚಿಮಟದಿಂದ ಏನನ್ನೋ ಹಿಡಿದರು. “ಕೂದಲು. ಬುಡಕ್ಕೆ ಸುತ್ತಿ ಗಂಟು ಹಾಕಿದ್ದಾರೆ. ರಕ್ತ ಹರಿಯೋದು ನಿಂತು ಕಪ್ಪಾಗಿದೆ. ನೀವು ಅಂದ್ಕೊಂಡಿದ್ದು ಅಲ್ಲಮ್ಮ. ಆದ್ರೂ ಅಕ್ಕನ ವಿಷಯ ಹೇಳಿದ್ರಲ್ಲ, ತೆಗೆದು ಲ್ಯಾಬಿಗೆ ಕಳಿಸ್ತೀನಿ. ಮನೇಲಿ ಹೀಗೆಲ್ಲ ಕಟ್ಬೇಡಿ. ಕೀವಾದ್ರೆ ಸುಮ್ನೆ ಇದ್ದಿದ್ದನ್ನ ಕೆದಕಿದ ಹಾಗಾಗುತ್ತೆ.”

ಅದನ್ನು ಹತ್ತಿಯ ಮೇಲಿಟ್ಟು ತೋರಿಸಿದರು. ಬಿಳಿ ಕೂದಲು. ನಮ್ಮ ಮನೆಯಲ್ಲಿ ತಲೆ ನೆರೆತಿರುವುದು ಒಬ್ಬರದೇ.

ಸೂಜಿ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ಕತ್ತರಿಯ ಸದ್ದಷ್ಟೇ, ಪಕ್ಕದ ಕೋಣೆಯಲ್ಲಿ ಯಾರದೋ ಬಟ್ಟೆ ಕತ್ತರಿಸಿದಂತೆ.

“ನೋವಾಗ್ತಿದ್ಯಾ?”

“ಇಲ್ಲ.”

ಸೋಮವಾರದಿಂದಲೂ ಇಲ್ಲ ಎಂದು ಹೇಳಬಹುದಿತ್ತು. ಅದು ಅವರು ಕೇಳಿದ ಪ್ರಶ್ನೆಯಾಗಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: “ನಡುವಿನದು ತಾನಾಗೇ ಬಿತ್ತಾ, ಇಲ್ಲಾ ಅದಕ್ಕೂ ಕತ್ತರಿ ಹಾಕಿದ್ರಾ?”

“ನೀವು ಕಟ್ಟಿದ್ದಾ ಅತ್ತೆ?”

“ಮತ್ತೆ? ದೆವ್ವ ಬಂದು ಕಟ್ಟುತ್ತಾ? ಹೋದ ವಾರ ಮುಲಾಮು ಹಚ್ಚುವಾಗ ನೀನು ತೂಕಡಿಸ್ತಿದ್ದೆ. ದಿನಾ ಸರಕ್ಕೆ ಸಿಕ್ಕಿ ರಕ್ತ ಬರ್ತಿತ್ತಲ್ಲ, ನೋಡೋಕಾಗದೆ ಕಟ್ಟಿಬಿಟ್ಟೆ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಬಿಡ್ತಿದ್ಯಾ? ನನ್ನ ಕೂದಲಿಗೂ ಒಂದು ಹಾಳೆ ಅಚ್ಚು ಹಾಕ್ಸಿ ಅಡ್ಡಪರಿಣಾಮ ಓದಿ ಹೇಳ್ತಿದ್ದೆ.”

“ಅದು ಕಪ್ಪಾಯ್ತು, ಅತ್ತೆ. ಅಕ್ಕನ ಕಾಲಲ್ಲಿ ಇತ್ತಲ್ಲ, ಹಾಗೆ.”

ಅವರ ಕೈ ನಿಂತಿತು. ಒಂದು ಕಾಳು ಉರುಳಿ ಮಂಚದ ಕೆಳಗೆ ಹೋಯಿತು. ಅವರು ಅದನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು.

“ಡಾಕ್ಟ್ರು ಏನಂದ್ರು?”

“ಅದಲ್ಲ ಅಂದ್ರು. ಆದ್ರೂ ಲ್ಯಾಬಿಗೆ ಕಳಿಸಿದ್ದಾರೆ.”

“ವಾರವೆಲ್ಲ ಇದನ್ನೇ ಹೊಟ್ಟೇಲಿ ಇಟ್ಕೊಂಡು ಓಡಾಡಿದ್ಯಾ?”

“ಹೂಂ.”

“ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?”

ಬಗ್ಗಿ ಮಂಚದ ಕೆಳಗಿನ ಕಾಳು ಹೆಕ್ಕಿ ಅವರ ಬಟ್ಟಲಿಗೆ ಹಾಕಿದೆ. ಕುತ್ತಿಗೆಯ ಜೋಮು ಇನ್ನೂ ಇಳಿದಿರಲಿಲ್ಲ.

ಸಂಜೆ ಅವರು ಮುಲಾಮಿನ ಡಬ್ಬಿ ತಂದು ಮಂಚದ ಅಂಚಿನಲ್ಲಿ ಕೂತರು. ಮುಚ್ಚಳ ತೆಗೆಯದೆ ಕೈಯಲ್ಲೇ ತಿರುಗಿಸುತ್ತಿದ್ದರು.

“ಕುತ್ತಿಗೆಗೆ ಏನೂ ಹಚ್ಚಬಾರದಂತೆ,” ಎಂದೆ. “ಪಟ್ಟಿ ಒದ್ದೆಯಾಗಬಾರದು.”

“ಭುಜಕ್ಕೆ?”

ನೆಲದ ಮೇಲೆ ಕೂತು ಅವರಿಗೆ ಬೆನ್ನು ಕೊಟ್ಟೆ. ಅವರು ಕೂಡಲೇ ಹಚ್ಚಲಿಲ್ಲ. ನನ್ನ ಎರಡೂ ಕೆನ್ನೆಗಳ ಪಕ್ಕದಿಂದ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಬಿಡಿಸಿ ಹಿಡಿದರು.

“ನೋಡ್ಕೋ. ಕೈಯಲ್ಲಿ ಏನೂ ಇಲ್ಲ.”

ನೋಡಿದೆ. ಬೆರಳ ಸಂದಿಗಳನ್ನೂ ನೋಡಿದೆ.

“ಸರಿ, ಹಚ್ಚಿ,” ಎಂದೆ.